ದಿನಸಿ ಚೀಟಿಯಿಂದ ಶುರುಮಾಡಿ: ಮನೆಯೂಟ ಸರಿಮಾಡಿಕೊಳ್ಳುವ ಬಗೆ

ಮಂಡ್ಯ, ಮೈಸೂರು ಕಡೆಯ ಹೆಚ್ಚಿನ ಮನೆಗಳಲ್ಲಿ ಈಗ ಹೊಟ್ಟೆಗೆ ಕೊರತೆಯಿಲ್ಲ. ಆದರೂ ಹೆಂಗಸರಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಮಗುವಿನ ತೂಕ ಏರುತ್ತಿಲ್ಲ, ಗಂಡಸರಿಗೆ ನಲವತ್ತಕ್ಕೇ ಸಕ್ಕರೆ ಕಾಯಿಲೆ. ಎಷ್ಟೋ ಮನೆಗಳಲ್ಲಿ ಈ ಮೂರರ ಬೇರೂ ಒಂದೇ ತಟ್ಟೆಯಲ್ಲಿದೆ: ದೊಡ್ಡ ಮುದ್ದೆ, ಮೇಲೆ ಎರಡು ಸಲ ಅನ್ನ, ತಿಳಿಸಾರು, ಪಕ್ಕದಲ್ಲಿ ಒಂದು ಚಮಚ ಪಲ್ಯ. ಹೊಟ್ಟೆ ತುಂಬುತ್ತದೆ, ಮೈಗೆ ಬೇಕಾದ್ದು ಸಿಗುವುದಿಲ್ಲ.

ಮೊದಲು ತಿಂಗಳ ದಿನಸಿ ಚೀಟಿ ತೆಗೆದು ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ, ಹಗುರ ಕೆಲಸ ಮಾಡುವ ದೊಡ್ಡವರೊಬ್ಬರಿಗೆ ದಿನಕ್ಕೆ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆ-ಕಾಳು ಅಥವಾ ಮೊಟ್ಟೆ-ಮಾಂಸ, 400 ಗ್ರಾಂ ಸೊಪ್ಪು-ತರಕಾರಿ, 100 ಗ್ರಾಂ ಹಣ್ಣು, 300 ಮಿ.ಲೀ. ಹಾಲು ಅಥವಾ ಮೊಸರು ಬೇಕು. ನಾಲ್ಕು ಜನರ ಮನೆಗೆ ಲೆಕ್ಕ ಹಾಕಿದರೆ, ಮೊಟ್ಟೆ-ಮಾಂಸ ತಿನ್ನದವರಿಗೆ ತಿಂಗಳಿಗೆ 10 ಕೇಜಿ ಬೇಳೆ-ಕಾಳು. ನಿಮ್ಮ ಚೀಟಿಯಲ್ಲಿ ಮೂರೋ ನಾಲ್ಕೋ ಕೇಜಿ ಇದ್ದರೆ ಕೊರತೆ ಎಲ್ಲಿದೆ ಎಂದು ಬೇರೆ ಹುಡುಕಬೇಕಿಲ್ಲ. ಉಪ್ಪನ್ನೂ ಇದೇ ಚೀಟಿಯಲ್ಲಿ ಅಳೆಯಬಹುದು: ಒಬ್ಬರಿಗೆ ದಿನಕ್ಕೆ 5 ಗ್ರಾಂ ಮೀರಬಾರದು, ಅಂದರೆ ಒಂದು ಕೇಜಿ ಪೊಟ್ಟಣ ನಾಲ್ಕು ಜನರಿಗೆ 50 ದಿನ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಬೇಕರಿ ತಿಂಡಿಯ ಉಪ್ಪು ಇದರ ಮೇಲೆ ಸೇರುವುದರಿಂದ ಇನ್ನೂ ಹೆಚ್ಚು ದಿನ ಬಂದರೆ ಒಳ್ಳೆಯದು. ಎಣ್ಣೆ, ತುಪ್ಪ ಎಲ್ಲ ಸೇರಿ ತಿಂಗಳಿಗೆ ಮೂರೂವರೆ ಲೀಟರ್ ದಾಟದಿರಲಿ.

ಕಾಳು ಹೆಚ್ಚಿಸಲು ಹೊಸ ಅಡುಗೆ ಕಲಿಯಬೇಕಿಲ್ಲ. ಕಾಳು-ಸೊಪ್ಪು ಬೇಯಿಸಿ, ಬಸಿದ ಕಟ್ಟಿನಿಂದ ಸಾರು, ಉಳಿದ ಕಾಳು-ಸೊಪ್ಪಿನಿಂದ ಪಲ್ಯ ಮಾಡುವ ನಮ್ಮ ಬಸ್ಸಾರಿಗಿಂತ ಒಳ್ಳೆಯ ಊಟ ಸಿಗುವುದು ಕಷ್ಟ, ಕೆಡುವುದು ಅಳತೆಯಲ್ಲಿ. ಒಂದು ಹಿಡಿ ಕಾಳು ಹಾಕಿ ಇಡೀ ಮನೆಗೆ ಸಾರು ಮಾಡಿದರೆ ಅದು ಕಾಳಿನ ವಾಸನೆ ಮಾತ್ರ. ನಾಲ್ಕು ಜನರಿಗೆ ಒಣಗಿದ ಅಲಸಂದೆ, ಹೆಸರುಕಾಳು ಅಥವಾ ಹುರುಳಿ 200 ಗ್ರಾಂ ಇರಲಿ. ಒಬ್ಬರ ಪಾಲಿಗೆ 11 ಗ್ರಾಂನಷ್ಟು ಪ್ರೋಟೀನ್ ಆಯಿತು. ರಾತ್ರಿ ನೆನೆಹಾಕಿ. ಬೇಗ ಬೇಯಲೆಂದು ಸೋಡಾ ಹಾಕಬೇಡಿ, ಬಿ ವಿಟಮಿನ್ ಹಾಳಾಗುತ್ತದೆ. ದಂಟು, ಕೀರೆ, ನುಗ್ಗೆ, ಯಾವುದಾದರೂ ಬೆರಕೆ ಸೊಪ್ಪು 400 ಗ್ರಾಂ, ತೊಳೆದ ಮೇಲೆ ಹೆಚ್ಚಿ. ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಮೆತ್ತಗಾದ ಕೂಡಲೇ ಕಟ್ಟು ಬಸಿಯಿರಿ. ಖಾರ ರುಬ್ಬುವಾಗ ಬೆಂದ ಕಾಳು-ಸೊಪ್ಪು ಒಂದು ಸೌಟು ಸೇರಿಸಿದರೆ ಸಾರು ಗಟ್ಟಿಯಾಗುತ್ತದೆ, ತೆಂಗಿನಕಾಯಿ ಅರ್ಧಕ್ಕೆ ಇಳಿಸಬಹುದು.

ಬಡಿಸುವುದರಲ್ಲೂ ನ್ಯಾಯ ಬೇಕು. ಕಾಳಿನ ಸತ್ವದ ಬಹುಪಾಲು ಉಳಿಯುವುದು ಪಲ್ಯದಲ್ಲಿ. ಗಂಡಸರು ಮಕ್ಕಳು ಉಂಡೆದ್ದ ಮೇಲೆ ಕೂರುವ ಹೆಣ್ಣುಮಗಳಿಗೆ ಸಾರು, ಮುದ್ದೆ ಮಾತ್ರ ಸಿಗುತ್ತದೆ. ಪಲ್ಯವನ್ನು ಒಲೆಯಿಂದ ಇಳಿಸಿದ ಕೂಡಲೇ ಎಲ್ಲರ ಪಾಲು ಬೇರೆ ಬೇರೆ ತೆಗೆದಿಡಿ, ಅಡುಗೆ ಮಾಡಿದವರ ಪಾಲು ಮೊದಲು.

ಅದಕ್ಕೆ ಬಲವಾದ ಕಾರಣವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 12ಕ್ಕಿಂತ, ಬಸುರಿಯರಲ್ಲಿ 11ಕ್ಕಿಂತ ಕೆಳಗಿದ್ದರೆ ರಕ್ತ ಕಡಿಮೆ ಎಂದೇ ಅರ್ಥ. ಸೊಪ್ಪು-ಕಾಳಿನ ಕಬ್ಬಿಣಾಂಶ ಮೈಗೆ ಹತ್ತುವುದು ನಿಧಾನ. ಊಟದ ಜೊತೆಗೆ ಹುಳಿ ಹಣ್ಣಿದ್ದರೆ ಚೆನ್ನಾಗಿ ಹತ್ತುತ್ತದೆ. ತಟ್ಟೆಗೆ ಬಡಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಕುದಿಯುವಾಗ ಹಿಂಡಿದರೆ ಸಿ ವಿಟಮಿನ್ ಸುಟ್ಟುಹೋಗುತ್ತದೆ. ಸೀಬೆಹಣ್ಣು, ನೆಲ್ಲಿಕಾಯಿಯೂ ಆಗುತ್ತದೆ. ತಿಂಡಿಯ ಬೆನ್ನಿಗೇ ಕಾಫಿ ಕುಡಿಯುವ ರೂಢಿಯೇ ದೊಡ್ಡ ಅಡ್ಡಿ: ಕಾಫಿ-ಟೀಯ ಒಗರು ಕಬ್ಬಿಣಾಂಶವನ್ನು ಹಿಡಿದುಕೊಳ್ಳುತ್ತದೆ. ಊಟಕ್ಕೂ ಕಾಫಿಗೂ ಕನಿಷ್ಠ ಒಂದು ಗಂಟೆ ಅಂತರವಿರಲಿ.

ಬೆಲ್ಲ ತಿಂದರೆ ರಕ್ತ ಬರುತ್ತದೆ ಎಂಬ ನಂಬಿಕೆ ಆಲೆಮನೆಗಳ ನಾಡಾದ ಮಂಡ್ಯದಲ್ಲಿ ಗಟ್ಟಿ. 10 ಗ್ರಾಂ ಬೆಲ್ಲದಲ್ಲಿ ಸಿಗುವುದು ಅರ್ಧ ಮಿಲಿಗ್ರಾಂ ಕಬ್ಬಿಣಾಂಶ. ಹೆಂಗಸಿಗೆ ದಿನಕ್ಕೆ ಬೇಕಾದ್ದು 29 ಮಿಲಿಗ್ರಾಂ. ರುಚಿಗೆ ತಿನ್ನಿ, ಔಷಧವೆಂದು ತಿನ್ನಬೇಡಿ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಕ್ಯಾಲ್ಸಿಯಂ ಮಾತ್ರೆಯ ಜೊತೆ, ಹಾಲಿನ ಜೊತೆ ನುಂಗಬೇಡಿ. ಮಲ ಕಪ್ಪಗಾದರೆ ಗಾಬರಿ ಬೇಡ, ಮಾತ್ರೆಯಿಂದ ಹಾಗಾಗುವುದು ಸಹಜ. ಹೊಟ್ಟೆ ತೊಳೆಸಿದರೆ ಬಿಡುವ ಬದಲು ಊಟವಾದ ಮೇಲೆ ತೆಗೆದುಕೊಳ್ಳಿ.

ಇನ್ನು ಮಗುವಿನ ವಿಷಯ. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಆಮೇಲೆ ರಾಗಿಸರಿ ಒಳ್ಳೆಯದೇ. ಅಂಗಡಿಯ ಮಾಲ್ಟ್ ಡಬ್ಬಿಗಳಲ್ಲಿ ಸಕ್ಕರೆ ಬಹಳ, ಮನೆಯಲ್ಲೇ ಮಾಡಿಕೊಳ್ಳಿ. ಒಂದು ಕೇಜಿ ರಾಗಿ ಜಾಲಿಸಿ ತೊಳೆದು 12 ಗಂಟೆ ನೆನೆಸಿ. ನೀರು ಪೂರ್ತಿ ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ದಿನಕ್ಕೆ ಎರಡು ಸಲ ನೀರು ಚಿಮುಕಿಸುತ್ತಾ ಒಂದರಿಂದ ಒಂದೂವರೆ ದಿನ ಬಿಡಿ. ನೀರು ಉಳಿದರೆ ಹುಳಿವಾಸನೆ ಹಿಡಿಯುತ್ತದೆ, ಲೋಳೆ ಬರುತ್ತದೆ. ಅಂಥದ್ದನ್ನು ಮಗುವಿಗೆ ಕೊಡಲೇಬೇಡಿ. ಮೊಳಕೆ ಕಂಡ ಮೇಲೆ ಗರಿಗರಿಯಾಗುವವರೆಗೆ ಬಿಸಿಲಲ್ಲಿ ಒಣಗಿಸಿ, ಕೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಮೊರದಲ್ಲಿ ಕೇರಿ, ಸಣ್ಣ ಉರಿಯಲ್ಲಿ ಬೆಚ್ಚಗಾಗುವಷ್ಟು ಹುರಿದು ಬೀಸಿಸಿ. ಹಸಿ ಉಳಿದ ಕಾಳು ಬೀಸಿದರೆ ಹಿಟ್ಟಿಗೆ ಬೂಷ್ಟು ಬರುತ್ತದೆ.

ಮೊಳಕೆ ಹಿಟ್ಟಿನ ಸರಿ ಬೇಯುವಾಗ ತಾನೇ ತೆಳ್ಳಗಾಗುತ್ತದೆ. ಮೊಳಕೆಯಲ್ಲಿ ಹುಟ್ಟಿದ ಕಿಣ್ವ ಪಿಷ್ಟವನ್ನು ಒಡೆಯುವುದೇ ಕಾರಣ. ಹಾಗಾಗಿ ಅದೇ ಬಟ್ಟಲಿಗೆ ಹೆಚ್ಚು ಹಿಟ್ಟು ಹಿಡಿಸಬಹುದು, ಪುಟ್ಟ ಹೊಟ್ಟೆಗೆ ಹೆಚ್ಚು ಶಕ್ತಿ ಸಿಗುತ್ತದೆ. ಚಮಚ ವಾರೆ ಮಾಡಿದರೆ ನೀರಿನಂತೆ ಸುರಿಯದೆ ನಿಧಾನವಾಗಿ ಜಾರಬೇಕು. ಹುರಿದ ಹೆಸರುಬೇಳೆ ಹಿಟ್ಟು ಒಂದು ಚಮಚ, ತುಪ್ಪ ಅರ್ಧ ಚಮಚ ಸೇರಿಸಿ. ವರ್ಷ ತುಂಬುವವರೆಗೆ ಸಕ್ಕರೆ, ಬೆಲ್ಲ, ಉಪ್ಪು, ಜೇನು ಬೇಡ. ಸರಿಯೊಂದರಲ್ಲೇ ಕಾಲ ಹಾಕದೆ, ನುಣ್ಣಗೆ ಹಿಸುಕಿದ ಅನ್ನ-ಬೇಳೆ, ಸೊಪ್ಪು, ಚೆನ್ನಾಗಿ ಬೆಂದ ಮೊಟ್ಟೆಯನ್ನೂ ಒಂದೊಂದಾಗಿ ರೂಢಿಮಾಡಿ.

ಸಕ್ಕರೆ ಕಾಯಿಲೆಯವರು ರಾಗಿ ಎಷ್ಟು ತಿಂದರೂ ಏರುವುದಿಲ್ಲ ಎಂದುಕೊಳ್ಳುವುದು ತಪ್ಪು. 100 ಗ್ರಾಂ ರಾಗಿಹಿಟ್ಟಿನಲ್ಲಿ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಒಂದು ಸಣ್ಣ ಮುದ್ದೆ, ಅದರೊಂದಿಗೆ ಒಂದು ಬಟ್ಟಲು ಪಲ್ಯ. ಮುದ್ದೆ ತಿಂದ ಹೊತ್ತಿಗೆ ಅನ್ನ ಬೇಡ. ಗಂಜಿ ಮುದ್ದೆಗಿಂತ ಬೇಗ ಸಕ್ಕರೆ ಏರಿಸುತ್ತದೆ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಗ್ಗಿಸುವ ಮುಂಚೆ ಡಾಕ್ಟರಿಗೆ ಹೇಳಿ, ಇಲ್ಲದಿದ್ದರೆ ಸಕ್ಕರೆ ತೀರಾ ಇಳಿದುಬಿಡಬಹುದು.

ಮಾಂಸ-ಮೊಟ್ಟೆ ಮುಟ್ಟದ ಹಿರಿಯರಿಗೆ ಕಾಲು ಜೋಮು ಹಿಡಿಯುವುದು, ನಾಲಿಗೆ ಉರಿ, ಮರೆವು ಕಂಡರೆ ವಯಸ್ಸಾಯಿತೆಂದು ಸುಮ್ಮನಾಗಬೇಡಿ. ಬಿ12 ಕೊರತೆಯಿರಬಹುದು, ಸೊಪ್ಪು-ಕಾಳಿನಲ್ಲಿ ಅದು ಸಿಗುವುದಿಲ್ಲ. ಹಾಲು, ಮೊಸರು ದಿನವೂ ಕೊಡಿ, ರಕ್ತ ಪರೀಕ್ಷೆ ಮಾಡಿಸಿ. ಕೊರತೆ ಗಟ್ಟಿಯಾಗಿದ್ದರೆ ಮಾತ್ರೆಯೋ ಇಂಜೆಕ್ಷನ್ನೋ ಬೇಕಾಗುತ್ತದೆ.