ಮೌತ್‌ಪೀಸ್ ನೋಡ್ಕೊಂಡು ರೀಡ್ ನಂಬರ್ ಆರಿಸೋದು ಹೇಗೆ

ಕ್ಲಾರಿನೆಟ್ಟಿನ ಮೌತ್‌ಪೀಸಿಗೆ, ಅಂದ್ರೆ ಬಾಯಲ್ಲಿ ಹಿಡಿಯೋ ತುದಿಗೆ, ಕಟ್ಟೋ ತೆಳು ಕಡ್ಡಿಯೇ ರೀಡು, ಅದು ಅದುರಿದ್ರೇನೇ ಸ್ವರ. ಇದನ್ನ ಕಲಿಯೋ ತುಂಬಾ ಜನ 2 ನಂಬರ್ ರೀಡ್ ಹೊಸಬರಿಗೆ, 3 ಸ್ವಲ್ಪ ಪಳಗಿದೋರಿಗೆ, 4 ಅಂದ್ರೆ ದೊಡ್ಡ ವಿದ್ವಾಂಸರಿಗೆ ಅಂತ ಅಂದ್ಕೊಂಡಿರ್ತಾರೆ. ನಾನೂ ಹಾಗೇ ನಂಬಿ ಅಗಲ ಬಾಯಿಯ ಮೌತ್‌ಪೀಸಿಗೆ ಮೂರೂವರೆ ಹಾಕ್ಕೊಂಡು ಒಂದು ತಿಂಗಳು ಊದಿದೆ, ಕೆಳತುಟಿ ಒಳಗಡೆ ಹಲ್ಲಿನ ಗುರುತು ಬಿದ್ದು ಗಾಯ ಆಯ್ತು, ಸ್ವರ ಮಾತ್ರ ಬರೀ ಗಾಳಿ.

ಆ ನಂಬರ್ ಹೇಳೋದು ಕಡ್ಡಿ ಎಷ್ಟು ಬಿಗಿ ಅನ್ನೋದನ್ನ ಮಾತ್ರ. ಒಂದೇ ಮಾಡೆಲ್ಲಿನ ರೀಡುಗಳನ್ನೆಲ್ಲ ಒಂದೇ ಅಳತೆಗೆ ಕೆತ್ತಿ, ಆಮೇಲೆ ಒತ್ತಿದ್ರೆ ಎಷ್ಟು ಬಾಗತ್ತೆ ಅಂತ ನೋಡಿ ನಂಬರ್ ಹಾಕ್ತಾರೆ. ಕಂಪನಿ ಬದಲಾದ್ರೆ ಲೆಕ್ಕಾನೂ ಬದಲಾಗತ್ತೆ, ರಿಕೋ ಎರಡೂವರೆ ಊದ್ತಿದ್ದೋರು ವ್ಯಾಂಡೊರೆನ್ ನೀಲಿ ಬಾಕ್ಸಿನ ಎರಡೂವರೆ ಹಿಡಿದ್ರೆ ಬಿಗಿ ಅನ್ಸತ್ತೆ.

ಹಾಗಾಗಿ ಮೊದಲು ಮೌತ್‌ಪೀಸ್ ನೋಡಿ. ರೀಡ್ ಕಟ್ಟಿ ಪಕ್ಕದಿಂದ ಬೆಳಕಿಗೆ ಹಿಡಿದ್ರೆ ತುದೀಲಿ ಒಂದು ಸಣ್ಣ ಸಂದು ಕಾಣತ್ತಲ್ಲ, ಅದೇ ಟಿಪ್ ಓಪನಿಂಗ್. ವ್ಯಾಂಡೊರೆನ್ ಕಂಪನಿಯ ಬಿ45 ಅನ್ನೋ ಮೌತ್‌ಪೀಸಲ್ಲಿ ಅದು ಸುಮಾರು 1.2 ಮಿ.ಮೀ., ಎಂ13 ಅಲ್ಲಿ ಸುಮಾರು 1 ಮಿ.ಮೀ., ಯಮಾಹಾ 4ಸಿ ಅಲ್ಲಿ 1.05. ವ್ಯತ್ಯಾಸ ಕೂದಲೆಳೆಯಷ್ಟು ಅನ್ಸಬಹುದು, ಆದ್ರೆ ಸಂದು ದೊಡ್ಡದಾದಷ್ಟೂ ರೀಡು ಪ್ರತಿ ಸಲ ಅದುರುವಾಗ ಅಷ್ಟು ದೂರ ಬಾಗಿ ವಾಪಸ್ ಬರಬೇಕು, ಬಿಗಿ ರೀಡಾದ್ರೆ ಆ ಕೆಲಸ ನಿಮ್ಮ ತುಟಿ ಮೇಲೆ ಬೀಳತ್ತೆ. ಅಗಲ ಸಂದಿಗೆ ಮೆತ್ತಗಿನ ರೀಡು, ಕಿರಿದಾದ ಸಂದಿಗೆ ಬಿಗಿ ರೀಡು. ಇದರ ಜೊತೆ ಫೇಸಿಂಗ್ ಅಂತ ಇನ್ನೊಂದಿದೆ, ಮೌತ್‌ಪೀಸು ರೀಡಿನಿಂದ ದೂರ ಸರಿಯೋ ಆ ಬಾಗು. ಅದು ಉದ್ದ ಇದ್ರೆ ಸ್ವಲ್ಪ ಬಿಗಿ ರೀಡೂ ನಡೆಯತ್ತೆ. ಬಿ45ಗೆ ನೀಲಿ ಬಾಕ್ಸಿನ ಎರಡೂವರೆ, ಎಂ13ಗೆ ಮೂರೂವರೆ, ಇಲ್ಲಿಂದ ಶುರು ಮಾಡಿ ಅಂತ ನಾನು ಹೇಳ್ತೀನಿ.

ಈಗ ಪರೀಕ್ಷೆ. ರೀಡು ಒಂದು ನಿಮಿಷ ನೀರಲ್ಲಿ ನೆನೀಲಿ, ಅದರ ತುದಿ ಮೇಲೆ ಮೌತ್‌ಪೀಸಿನ ಕಪ್ಪು ಅಂಚು ದಾರದಷ್ಟು ಕಾಣೋ ಹಾಗೆ ಕೂರಿಸಿ. ಎಲ್ಲಕ್ಕಿಂತ ಕೆಳಗಿನ ಇ ಸ್ವರಾನ ತುಂಬಾ ಮೆಲ್ಲಗೆ ಶುರು ಮಾಡಿ. ಸ್ವರಕ್ಕಿಂತ ಮುಂಚೆ ಸ್ಸ್ ಅಂತ ಗಾಳಿ ಬಂದ್ರೆ, ಹತ್ತು ನಿಮಿಷಕ್ಕೇ ದವಡೆ ಸೋತ್ರೆ, ಬಿಗಿ ಜಾಸ್ತಿ. ಆಮೇಲೆ ರಿಜಿಸ್ಟರ್ ಕೀ (ಸ್ವರಾನ ಮೇಲಿನ ಸ್ಥಾಯಿಗೆ ಏರಿಸೋ ಕೀಲಿ) ಒತ್ತಿ ಮೇಲಿನ ಸಿ ಹಿಡಿದು ಜೋರಾಗಿ ಊದಿ: ಶ್ರುತಿ ಇಳಿದ್ರೆ, ಸ್ವರ ತೆಳ್ಳಗಾಗಿ ಕೊನೆಗೆ ರೀಡು ಮೌತ್‌ಪೀಸಿಗೆ ಅಂಟ್ಕೊಂಡು ಪೂರ್ತಿ ನಿಂತೋದ್ರೆ, ಮೆತ್ತಗಾಯ್ತು. ಆ ಇ, ಈ ಸಿ ಎರಡೂ ರೀಡನ್ನ ಬಿಗಿಯಾಗಿ ಕಚ್ಚದೇ ಸರಿಯಾಗಿ ಬಂದ್ರೆ ಅದೇ ನಿಮ್ಮ ನಂಬರ್.

ಬದಲಾಯಿಸೋದಾದ್ರೆ ಅರ್ಧರ್ಧ ನಂಬರ್ ಮಾತ್ರ, ಮೌತ್‌ಪೀಸು ರೀಡು ಎರಡೂ ಒಟ್ಟಿಗೆ ಬೇಡ, ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ. ಅರ್ಧಕ್ಕಿಂತ ಕಮ್ಮಿ ವ್ಯತ್ಯಾಸ ಸಾಕು ಅನ್ನಿಸಿದ್ರೆ ಲಿಗೇಚರ್ (ರೀಡನ್ನ ಮೌತ್‌ಪೀಸಿಗೆ ಹಿಡಿದಿಡೋ ಪಟ್ಟಿ) ಸಡಿಲಿಸಿ ರೀಡನ್ನ ಚೂರು ಮೇಲಕ್ಕೆ ಸರಿಸಿ, ಬಿಗಿಯಾಗತ್ತೆ, ಕೆಳಗೆ ಸರಿಸಿದ್ರೆ ಮೆತ್ತಗಾಗತ್ತೆ. ಮತ್ತೆ ಒಂದೇ ರೀಡ್ ನೋಡಿ ತೀರ್ಮಾನ ಮಾಡ್ಬೇಡಿ, ಒಂದೇ ಬಾಕ್ಸಲ್ಲಿ ಎರಡು ರೀಡು ಒಂದೇ ಥರ ಇರಲ್ಲ, ಅದು ಬೆಳೆದ ಗಿಡದ ಕಡ್ಡಿ ತಾನೆ. ಮೂರ್ನಾಲ್ಕು ರೀಡನ್ನ ದಿನಕ್ಕೆ ಐದೈದು ನಿಮಿಷ ಊದಿ, ನಾಲ್ಕನೇ ದಿನ ತೀರ್ಮಾನ ಮಾಡಿ.