ಎಂಟು ಮಂದಿ, 45 ದಿನ, ಒಂದೂ ಮಲೇರಿಯಾ ಇಲ್ಲ: ಉಗಾಂಡ ತಯಾರಿಯ ನನ್ನ ಅನುಭವ

ಹೋದ ವರ್ಷ ಜೂನ್‌ನಲ್ಲಿ ಎಂಟು ಮಂದಿಯ ಗ್ಯಾಂಗ್ ಕಟ್ಟಿಕೊಂಡು ಉಗಾಂಡದ ಬುಸೋಗಾ ಕಡೆಯ ಸಕ್ಕರೆ ಕಾರ್ಖಾನೆಗೆ ಹೋಗಿ, ಬಾಯ್ಲರ್ ಮತ್ತು ಮಿಲ್ ರಿಪೇರಿ ಮುಗಿಸಿ 45 ದಿನಕ್ಕೆ ವಾಪಸ್ ಬಂದೆವು. ಒಬ್ಬರಿಗೂ ಮಲೇರಿಯಾ ಬರಲಿಲ್ಲ. ನಮ್ಮ ಧಂದೆಯವರಿಗೆ ಇದು ಎಷ್ಟು ದೊಡ್ಡ ಮಾತೆಂದು ಗೊತ್ತು. ಹೊರಡುವ ಮುಂಚೆ ಮಲೇರಿಯಾ ತಡೆಯುವ ಮಾತ್ರೆಯ ಮಾತೆತ್ತಿದಾಗ, ಗೋಕಾಕದ ಸಕ್ಕರೆ ಪಾಕ ಕುದಿಸುವ ಹಳೇ ಪ್ಯಾನ್‌ಮ್ಯಾನ್ ಕಾಕಾ, “ಗುಳಗಿ ನುಂಗಿದ್ರ ಹೊಟ್ಟಿ ಕೆಡತೈತಿ ಅಷ್ಟ. ಬರೂ ಮಲೇರಿಯಾ ಬಂದ ಬರತೈತಿ. ಸುಮ್ನ ರೊಕ್ಕಾ ಹಾಳು ಮಾಡಬ್ಯಾಡ ತಮ್ಮಾ” ಅಂದಿದ್ದರು. ಗುತ್ತಿಗೆದಾರರೂ ಅದನ್ನೇ ಹೇಳಿ ಔಷಧದ ದುಡ್ಡು ಕೊಡಲಿಲ್ಲ. ನನ್ನ ಪಾಲಿನಿಂದಲೇ ಹಾಕಿದೆ.

ಮೊದಲೆರಡು ಸಲ ನಾನೂ ಸೋತವನೇ. 2017ರಲ್ಲಿ ಊರಿನ ಮೆಡಿಕಲ್ ಅಂಗಡಿಯಿಂದ ಕ್ಲೋರೊಕ್ವಿನ್ ಎಂಬ ಮಲೇರಿಯಾ ಮಾತ್ರೆ ಕಟ್ಟಿಸಿಕೊಂಡು ಹೋಗಿದ್ದೆ. ಅಲ್ಲಿಯದು ಹೆಚ್ಚುಕಡಿಮೆ ಎಲ್ಲಾ ಫಾಲ್ಸಿಪಾರಂ ಎಂಬ ಅಪಾಯಕಾರಿ ಜಾತಿಯ ಮಲೇರಿಯಾ. ಆ ಮಾತ್ರೆಗೆ ಅದು ಬಗ್ಗುವುದನ್ನು ಬಿಟ್ಟು ದಶಕಗಳೇ ಆಗಿವೆ. ಏಳರಲ್ಲಿ ನಾಲ್ವರು ಮಲಗಿದರು. ಕೆಲಸ ತಡವಾಯಿತೆಂದು ಬಿಲ್ಲಿನಲ್ಲಿ ಸುಮಾರು ಎರಡು ಲಕ್ಷ ಕತ್ತರಿ ಬಿತ್ತು.

2019ರಲ್ಲಿ ಡಾಕ್ಸಿಸೈಕ್ಲಿನ್. ಅಗ್ಗ, ಕೆಲಸವನ್ನೂ ಮಾಡುತ್ತದೆ. ಆದರೆ ಅದನ್ನು ತಿಂದು ಬಿಸಿಲಿಗೆ ಹೋದರೆ ಕೆಲವರ ಚರ್ಮ ಸುಡುತ್ತದೆ. ಹೊರಗೆ ಚಿಮಣಿ ಕೆಲಸದಲ್ಲಿದ್ದ ಇಬ್ಬರ ಕುತ್ತಿಗೆ, ಮುಂಗೈ ಕೆಂಪಾಗಿ ಸುಲಿದವು. ಒಬ್ಬ ಗುಟುಕು ನೀರಲ್ಲಿ ನುಂಗಿ ಹಾಗೇ ಮಲಗಿ, ಎದೆಯುರಿಯಿಂದ ಮೂರು ದಿನ ಅನ್ನ ಬಿಟ್ಟ. ಇದಕ್ಕಿಂತ ದೊಡ್ಡ ಪೆಟ್ಟು ಊರಿಗೆ ಬಂದ ಮೇಲೆ ಬಿತ್ತು. ಆ ಮಾತ್ರೆಯನ್ನು ವಾಪಸಾದ ಮೇಲೂ ನಾಲ್ಕು ವಾರ ನುಂಗಬೇಕು. ಮುಧೋಳ ಕಡೆಯ ನಮ್ಮ ಫಿಟ್ಟರ್ ವಿಮಾನ ಇಳಿದ ದಿನವೇ ನಿಲ್ಲಿಸಿದ್ದ. ಎರಡನೇ ವಾರ ಜ್ವರ. ಅವನು ಹೋದ ಆಸ್ಪತ್ರೆಯಲ್ಲಿ ಡೆಂಗಿ ನೋಡಿದರು, ಟೈಫಾಯ್ಡ್ ನೋಡಿದರು, ಸಲೈನ್ ಹಾಕಿದರು. “ಎಲ್ಲಿಂದ ಬಂದಿ?” ಅಂತ ಒಬ್ಬರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ನಾಲ್ಕನೇ ದಿನ ಅವನ ಹೆಂಡತಿ ನನಗೆ ಫೋನ್ ಮಾಡಿದಾಗ ಅವನಿಗೆ ಮಾತು ತೊದಲುತ್ತಿತ್ತು. ಅದು ಮಲೇರಿಯಾವೇ ಆಗಿತ್ತು. ದೊಡ್ಡ ಆಸ್ಪತ್ರೆಗೆ ಸಾಗಿಸಿ ಐಸಿಯುದಲ್ಲಿ ಉಳಿಸಿಕೊಂಡೆವು. ಒಂದೂವರೆ ಲಕ್ಷದ ಹತ್ತಿರ ಖರ್ಚು. ಆ ರಾತ್ರಿ ಅವನ ಹೆಂಡತಿಯ ಮುಖ ನೋಡಲು ನನಗೆ ಆಗಲಿಲ್ಲ.

ಅದಕ್ಕೇ ಈ ಸಲ ಅಟೊವಾಕ್ವೋನ್-ಪ್ರೊಗ್ವಾನಿಲ್. ದಿನಕ್ಕೊಂದು, ಹೊರಡುವ ಎರಡು ದಿನ ಮುಂಚೆ ಶುರು, ಬಂದ ಮೇಲೆ ಏಳೇ ದಿನ. ಅಲ್ಲಿಗೆ ತಲೆಗೆ 54, ಎಂಟು ಮಂದಿಗೆ 432 ಮಾತ್ರೆ. ತಲೆಗೆ ಆರು ಸಾವಿರದ ಆಸುಪಾಸು ಬಿತ್ತು. ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ನನಗೆ ಎಲ್ಲಿ, ಹೇಗೆ ಆ ದರಕ್ಕೆ ಸಿಕ್ಕಿತೆಂಬುದು ನನ್ನಲ್ಲೇ ಇರಲಿ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ, ಜಿಡ್ಡು ಬೇಕು. ರಾತ್ರಿ ಊಟಕ್ಕೆ ತುಪ್ಪ ಇಲ್ಲವೇ ಒಂದು ಲೋಟ ಹಾಲು ಕಡ್ಡಾಯ ಮಾಡಿದೆ. ಕಿಡ್ನಿ ತೀರಾ ಸೋತವರಿಗೆ ಇದು ಆಗದು, ಆದ್ದರಿಂದ ಸಕ್ಕರೆ ಕಾಯಿಲೆ ಇದ್ದ ಇಬ್ಬರ ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ಮೊದಲೇ ನೋಡಿಸಿದ್ದೆ. ಡಾಕ್ಟರ ಚೀಟಿ ಇಲ್ಲದೆ ಯಾರೂ ಶುರು ಮಾಡಬೇಡಿ. ಹುಡುಗರು ನಿಜವಾಗಿ ನುಂಗಿದರೋ ಇಲ್ಲವೋ ಎಂದು ಹಿಡಿಯುವ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ, ಅವರೂ ಇದನ್ನು ಓದುತ್ತಾರೆ.

ಉಗಾಂಡಕ್ಕೆ ಹೋಗಲು ಬೇಕಾದ ಹಳದಿ ಜ್ವರದ ಸೂಜಿ ನಿಮಗೆ ಗೊತ್ತಿದ್ದದ್ದೇ. ಆದರೂ 2019ರಲ್ಲಿ ನಾನು ಎಡವಿದ್ದು ಅಲ್ಲೇ. ಹಾಕಿಸಿ ಹತ್ತು ದಿನವಾದ ಮೇಲೇ ಆ ಲಸಿಕೆಯ ಕಾರ್ಡ್ ನಡೆಯುತ್ತದೆ. ಇಬ್ಬರಿಗೆ ಎಂಟೇ ದಿನವಾಗಿತ್ತು. ಟಿಕೆಟ್ ಬದಲಿಸಲು ತಲೆಗೆ ಹದಿನೆಂಟು ಸಾವಿರ ಹೋಯಿತು. ಈ ಸಲ ಎಂಟು ವಾರ ಮುಂಚೆಯೇ ರಾತ್ರಿ ಬಸ್ಸಿಗೆ ಎಲ್ಲರನ್ನೂ ಬೆಂಗಳೂರಿಗೆ ಕರೆತಂದೆ. ಹಲವು ಡೋಸಿನ ಬಾಟಲಿ ಒಮ್ಮೆ ಕಲಸಿದರೆ ಆರು ಗಂಟೆಯೊಳಗೆ ಮುಗಿಯಬೇಕು, ಅದಕ್ಕೇ ಜನ ನೋಡಿಕೊಂಡು ಒಡೆಯುತ್ತಾರೆ. ಎಂಟು ಮಂದಿ ಒಟ್ಟಿಗೆ ಹೋಗಿದ್ದು ಅನುಕೂಲವಾಯಿತು. ಕಾರ್ಡಿನ ಹೆಸರು, ನಂಬರು ಪಾಸ್‌ಪೋರ್ಟಿನಂತೆಯೇ ಇದೆಯೇ ಎಂದು ಅಲ್ಲೇ ನಿಂತು ಓದಿ. ಕಾರ್ಡಿಲ್ಲದೆ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕ ಇಡುತ್ತಾರೆ. ಹಳೇ ಕಾರ್ಡಿನ ಹತ್ತು ವರ್ಷ ಮುಗಿಯಿತೆಂದು ಮತ್ತೆ ಹಾಕಿಸಲು ಓಡಬೇಡಿ, 2016ರ ಜುಲೈನಿಂದ ಅದು ಜೀವಮಾನಕ್ಕೆ ನಡೆಯುತ್ತದೆ. 62 ವರ್ಷದ ಒಬ್ಬ ಹಿರಿಯರಿಗೆ ಇದು ಮೊದಲ ಸೂಜಿ. ಅರವತ್ತು ದಾಟಿದವರಿಗೆ ಅಪಾಯ ಸ್ವಲ್ಪ ಹೆಚ್ಚೆಂದು ಡಾಕ್ಟರು ಹಿಂದೆಗೆದರು. ಬೇಸರವಾದರೂ ಅವರನ್ನು ಬಿಟ್ಟು ಬೇರೊಬ್ಬರನ್ನು ಸೇರಿಸಿಕೊಂಡೆ.

ಅದೇ ಸಮಯಕ್ಕೆ ಟೈಫಾಯ್ಡ್, ಟಿಡಿ (ಧನುರ್ವಾಯು, ಡಿಫ್ತೀರಿಯಾ) ಸೂಜಿ, ಜೊತೆಗೆ ನಾಯಿ ಕಡಿತದ ಮುಂಜಾಗ್ರತೆಯ ಎರಡು ಡೋಸ್, ವಾರ ಬಿಟ್ಟು. ಹೆಪಟೈಟಿಸ್ ಎ ಮಾತ್ರ ಕಣ್ಣು ಮುಚ್ಚಿ ಹಾಕಿಸಲಿಲ್ಲ. ಹಳ್ಳಿಯಲ್ಲಿ ಬೆಳೆದ ಎಷ್ಟೋ ಜನರಿಗೆ ಚಿಕ್ಕಂದಿನಲ್ಲೇ ಬಂದು ಹೋಗಿರುತ್ತದೆ. ಮೊದಲು ರಕ್ತ ತೋರಿಸಿದೆ, ಎಂಟರಲ್ಲಿ ಐವರಿಗೆ ಸೂಜಿಯೇ ಬೇಕಾಗಲಿಲ್ಲ. ಆ ಉಳಿಕೆಯಲ್ಲಿ ಒಳ್ಳೆಯ ಸೊಳ್ಳೆಪರದೆ ಕೊಂಡೆ.

ಬೆರಳ ರಕ್ತದಿಂದ ಮಲೇರಿಯಾ ಇದೆಯೇ ಎಂದು ನೋಡುವ ಕಿಟ್ ವಿಷಯದಲ್ಲೂ ಒಂದು ಪೆಟ್ಟು ತಿಂದಿದ್ದೇನೆ. 2017ರಲ್ಲಿ ಒಬ್ಬನಿಗೆ ಕೋರ್ಸ್ ಮುಗಿದ ಹತ್ತು ದಿನಕ್ಕೆ ಮತ್ತೆ ಮೈಬಿಸಿ. ಕಿಟ್‌ನಲ್ಲಿ ಎರಡು ಗೆರೆ, ಅಂದರೆ ಮಲೇರಿಯಾ ಇದೆ ಎಂಬ ಗುರುತು, ಕಂಡು ಪೂರ್ತಿ ಕೋರ್ಸ್ ಮತ್ತೆ ಕೊಡಿಸಿದೆವು. ಆಮೇಲೆ ತಿಳಿಯಿತು, ರೋಗ ಹೋದರೂ ಅದರ ಪ್ರೋಟೀನ್ ರಕ್ತದಲ್ಲಿ ವಾರಗಟ್ಟಲೆ ಉಳಿದು ಗೆರೆ ತೋರಿಸುತ್ತದೆ. ಅಂಥವರಿಗೆ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಲೈಡ್ ಪರೀಕ್ಷೆಯೇ ಆಗಬೇಕು. ಈ ಸಲ ಮೂವರಿಗೆ ಜ್ವರ ಬಂತು. ಮೂವರನ್ನೂ ಅದೇ ದಿನ ಕ್ಲಿನಿಕ್ಕಿಗೆ ಒಯ್ದು ನೋಡಿಸಿದೆ, ಮಲೇರಿಯಾ ಇರಲಿಲ್ಲ.

ಮ್ಯಾಂಗೋ ನೊಣದ್ದು ಬೇರೆ ಕಥೆ. ಹೊರಗೆ ಒಣಹಾಕಿದ ಹಸಿ ಬಟ್ಟೆಯಲ್ಲಿ ಅದು ಮೊಟ್ಟೆ ಇಡುತ್ತದೆ, ಅದರ ಹುಳ ಚರ್ಮದೊಳಗೆ ಸೇರುತ್ತದೆ. ಹಿಂದೆ ಒಬ್ಬ ವೆಲ್ಡರ್‌ನ ಸೊಂಟದ ಕುರುವಿನೊಳಗೆ ಹುಳ ಇತ್ತು. ವ್ಯಾಸಲಿನ್ ಮೆತ್ತಿ ಉಸಿರುಗಟ್ಟಿಸಿ, ನರ್ಸ್ ಮೆಲ್ಲಗೆ ಹೊರತೆಗೆದರು. ಈಗ ಕ್ಯಾಂಪಿನಲ್ಲಿ ಬನಿಯನ್, ಚಡ್ಡಿಗೂ ಇಸ್ತ್ರಿ, ಮೊಟ್ಟೆ ಸಾಯಲೆಂದು. ಭಾನುವಾರ ಮರ್ಚಿಸನ್ ಫಾಲ್ಸ್‌ಗೆ ಹೋದಾಗ ಒಂದು ಪ್ರಯೋಗವೂ ಆಯಿತು. ನಿದ್ರಾರೋಗ ಹರಡುವ ತ್ಸೆ ತ್ಸೆ ನೊಣಕ್ಕೆ ನೀಲಿ, ಕಪ್ಪು ಬಣ್ಣ ಇಷ್ಟವಂತೆ, ಅಲ್ಲಿ ತೂಗುಹಾಕಿದ ಬಲೆಗಳೂ ಅವೇ ಬಣ್ಣದವು. ನಾಲ್ವರು ಕಾರ್ಖಾನೆಯ ನೀಲಿ ಅಂಗಿಯಲ್ಲೇ ಬಂದರು, ಉಳಿದವರು ಖಾಕಿಯಲ್ಲಿ. ನೀಲಿಯವರೇ ಹೆಚ್ಚು ಕಚ್ಚಿಸಿಕೊಂಡರು.

ವಿಕ್ಟೋರಿಯಾ ಸರೋವರದಲ್ಲಿ ಈಜಲು ಯಾರನ್ನೂ ಬಿಡಲಿಲ್ಲ. ಬಸವನಹುಳುವಿನಿಂದ ನೀರಿಗಿಳಿಯುವ ಬಿಲ್ಹಾರ್ಜಿಯಾ ರೋಗದ ಹುಳದ ಮರಿ ಚರ್ಮದಿಂದಲೇ ಒಳಗೆ ಹೋಗುತ್ತದೆ.

ಊರಿಗೆ ಬಂದ ಮೇಲೆ ಮಾತ್ರೆ ನೆನಪಿಸಲು ಏಳೂ ರಾತ್ರಿ ಒಂಬತ್ತಕ್ಕೆ ಎಂಟು ಫೋನ್ ಮಾಡಿದೆ. ಪ್ರತಿಯೊಬ್ಬರ ಕಿಸೆಯಲ್ಲಿ ಒಂದು ಚೀಟಿ ಇಟ್ಟಿದ್ದೆ: “ಉಗಾಂಡದಿಂದ ಬಂದಿದ್ದೇನೆ. ಜ್ವರ ಇದ್ದರೆ ಮೊದಲು ಮಲೇರಿಯಾ ನೋಡಿ.” ಮೂರು ತಿಂಗಳು ಬಿಸಾಡಬೇಡಿ ಅಂದಿದ್ದೆ. ಮುಧೋಳದ ಫಿಟ್ಟರ್ ಈ ಸಲವೂ ಜೊತೆಗಿದ್ದ. ಅವನ ಚೀಟಿ ಅವನ ಹೆಂಡತಿಯ ಪರ್ಸಿನಲ್ಲಿತ್ತು.