ಬ್ರಿಟನ್ನಿನ ಸಬ್ಸಿಡಿ ಮಿತಿ: ತಡೆಹಿಡಿದ ಅನುದಾನ ಸಿಕ್ಕ ಬಗೆ

ಲಂಡನ್ನಿನ ನಮ್ಮ ಸಣ್ಣ ಕಂಪನಿಗೆ ಸ್ಥಳೀಯ ಆಡಳಿತ ಒಪ್ಪಿದ್ದ ಅನುದಾನ ಬಿಡುಗಡೆಯಾಗುತ್ತಿರಲಿಲ್ಲ. 'ಮಿತಿ ದೃಢೀಕರಣ ಅಪೂರ್ಣ' ಎಂಬ ಒಂದೇ ಉತ್ತರ. ಲೆಕ್ಕಪರಿಶೋಧಕರ ಪತ್ರ, ಬ್ಯಾಂಕ್ ವಿವರ ಯಾವುದೂ ಉಪಯೋಗಕ್ಕೆ ಬರಲಿಲ್ಲ. ಅವರಿಗೆ ಬೇಕಿದ್ದದ್ದು ನಾವು ಪಡೆದ ಒಟ್ಟು ನೆರವು ಮಿತಿಯೊಳಗಿದೆ ಎಂಬ ನಮ್ಮ ಲಿಖಿತ ದೃಢೀಕರಣ; ಅವು ಅದಕ್ಕೆ ಉತ್ತರವೇ ಅಲ್ಲ.

2022ರ ಸಬ್ಸಿಡಿ ನಿಯಂತ್ರಣ ಕಾಯ್ದೆಯಲ್ಲಿ 'ಕನಿಷ್ಠ ಹಣಕಾಸು ನೆರವು', ಅಂದರೆ ಸರ್ಕಾರಿ ಸಂಸ್ಥೆಗಳು ಕೊಡುವ ಸಣ್ಣ ಮೊತ್ತದ ಸಬ್ಸಿಡಿ, ಒಟ್ಟಾರೆ ಪಡೆಯಬಹುದಾದ ಗರಿಷ್ಠ ಮಿತಿ 3,15,000 ಪೌಂಡ್. ಲೆಕ್ಕ ಹಾಕಬೇಕಾದದ್ದು ಹೀಗೆ: ಕಂಪನಿಯ ಲೆಕ್ಕಪತ್ರದ ವರ್ಷ ಬಿಡಿ, ಏಪ್ರಿಲ್ 1ರಿಂದ ಮಾರ್ಚ್ 31ರ ವರ್ಷ ಹಿಡಿಯಿರಿ. ಈ ವರ್ಷ ಇದುವರೆಗೆ ಪಡೆದ ಇಂಥ ನೆರವು, ಜೊತೆಗೆ ಹಿಂದಿನ ಎರಡು ಪೂರ್ಣ ವರ್ಷಗಳದ್ದು. ಒಂದೇ ನಿಯಂತ್ರಣದಲ್ಲಿರುವ ಸೋದರ ಕಂಪನಿಗಳು ಪಡೆದದ್ದನ್ನೂ ಕೂಡಿಸಿ. ನಮ್ಮ ಅರ್ಜಿ ನಿಂತದ್ದು ಇಲ್ಲಿಯೇ. ಹಣ ಕೈಸೇರಿದ ದಿನವಲ್ಲ, ಅದರ ಮೇಲೆ ಕಾನೂನುಬದ್ಧ ಹಕ್ಕು ಹುಟ್ಟಿದ ದಿನವನ್ನು ಬರೆಯಿರಿ. ಹೊಸ ಅನುದಾನವನ್ನೂ ಸೇರಿಸಿದ ಮೊತ್ತ ಮಿತಿ ದಾಟುವುದಿಲ್ಲವೆಂದು ಲಿಖಿತವಾಗಿ ದೃಢೀಕರಿಸಿ. ಈ ಪತ್ರ ತಲುಪಿದ ಮೇಲಷ್ಟೇ ಸ್ಥಳೀಯ ಆಡಳಿತ ನೆರವು ಕೊಡಬಹುದು.